‘ಡಯಾಬ್ಲೊ ೨’ರಲ್ಲಿ ಪುನರ್ವಧೆ: ಒಂದು ರಸವಿಚಾರ

ಗಣಕಯಂತ್ರದ ಆಟಗಳನ್ನು ಕಾವ್ಯಮೀಮಾಂಸೆಯ ಒರೆಗಲ್ಲಿಗೆ ಹಚ್ಚುವುದು ಯುಕ್ತವೇ ಎಂದು ಕೆಲವರು ಶಂಕಿಸಬಹುದು. ಕಥೆ, ಪಾತ್ರ, ಸನ್ನಿವೇಶ ಮತ್ತು ಅವುಗಳಿಂದುಂಟಾಗುವ ಭಾವ ಇರುವೆಡೆಯಲ್ಲೆಲ್ಲ ರಸವಿಚಾರಕ್ಕೆ ಎಡೆಯುಂಟೆಂಬುದು ನಮ್ಮ ನಂಬುಗೆ. ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ೨೦೦೦ನೆಯ ಇಸವಿಯಲ್ಲಿ ಬ್ಲಿಝರ್ಡ್ ಸಂಸ್ಥೆಯಿಂದ ಹೊರಬಂದ ‘ಡಯಾಬ್ಲೊ ೨’ ಎಂಬ ಆಟವನ್ನು. ಅದರಲ್ಲಿಯೂ ಆಟಗಾರರು ‘ಫಾರ್ಮಿಂಗ್’, ಎಂದರೆ ಬೇಸಾಯ, ಎಂದು ಕರೆಯುವ ಒಂದು ರೂಢಿಯನ್ನು. ಒಬ್ಬನೇ ದೈತ್ಯನನ್ನು ನೂರಾರು ಸಲ ಕೊಂದು, ಅವನಿಂದ ಉದುರುವ ಅಪೂರ್ವ ವಸ್ತುವಿಗಾಗಿ ಕಾಯುವುದೇ ಈ ರೂಢಿ.

ಆಟದ ಮೂರನೆಯ ಅಂಕದ ಕೊನೆಯಲ್ಲಿ ಮೆಫಿಸ್ಟೊ ಎಂಬ ದ್ವೇಷಾಧಿಪತಿಯಿದ್ದಾನೆ. ಕುರಾಸ್ಟಿನ ಕಾಡು, ಹಾಳುಬಿದ್ದ ನಗರ, ಟ್ರಾವಿಂಕಲ್ ದೇವಾಲಯದ ಪ್ರಾಂಗಣ, ಅದರಡಿಯ ಮೂರು ಅಂತಸ್ತಿನ ಸೆರೆಮನೆ ಇಷ್ಟನ್ನೂ ದಾಟಿದ ಮೇಲೆಯೇ ಅವನ ದರ್ಶನ. ಮೊದಲ ಸಲ ಇಳಿದು ಬರುವವನಿಗೆ ಭಯಾನಕವೂ ವೀರವೂ ಅದ್ಭುತವೂ ಒಂದರ ಬೆನ್ನಿಗೊಂದು ಒದಗುತ್ತವೆ. ಆ ಮೊದಲ ವಧೆಗೆ ಆಟವು ಮುಂದಿನವುಗಳಿಗಿಂತ ಉದಾರವಾದ ಫಲವನ್ನೇ ಕೊಡುತ್ತದೆ.

ಆದರೆ ಆಟದಿಂದ ಹೊರಬಂದು ಮರಳಿ ಪ್ರವೇಶಿಸಿದರೆ ಸತ್ತವನು ಮತ್ತೆ ಬದುಕಿರುತ್ತಾನೆ. ಸೆರೆಮನೆಯ ಎರಡನೆಯ ಅಂತಸ್ತಿಗೆ ಊರಿನಿಂದ ನೇರವಾಗಿ ಹೋಗುವ ಸೌಕರ್ಯವುಂಟು. ಮಾಂತ್ರಿಕೆಯ ಪಾತ್ರವನ್ನು ವಹಿಸಿದವನು ‘ಟೆಲಿಪೋರ್ಟ್’ ವಿದ್ಯೆಯಿಂದ ಗೋಡೆಗಳನ್ನು ಮೀರಿ ಸಾಗಿ, ಕಂದಕವೊಂದರ ಆಚೆ ನಿಂತು ಮಂತ್ರಪ್ರಯೋಗ ಮಾಡುತ್ತಾನೆ. ಕಂದಕವನ್ನು ದಾಟಲರಿಯದ ಮೆಫಿಸ್ಟೊ ಈಚೆಯೇ ಸಾಯುತ್ತಾನೆ. ಕಾಡಿಲ್ಲ, ನಗರವಿಲ್ಲ, ಪ್ರತಿಯುದ್ಧವೂ ಇಲ್ಲದಂತೆಯೇ.

ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ರಸಕ್ಕೆ ವಿರೋಧಿಗಳಾದವುಗಳನ್ನು ಎಣಿಸುವಾಗ, ಪರಿಪೋಷವನ್ನು ಹೊಂದಿದ ರಸವನ್ನು ಮತ್ತೆ ಮತ್ತೆ ಉದ್ದೀಪಿಸುವುದನ್ನೂ ಸೇರಿಸಿದ್ದಾನೆ. ಈ ಮಾತಿನಂತೆ ನೋಡಿದರೆ ಪುನರ್ವಧೆಯು ದೋಷವೇ ಸರಿ. ಇನ್ನೂರನೆಯ ಸಲ ಎದುರಾದ ಮೆಫಿಸ್ಟೊ ಭಯಕ್ಕೆ ಆಲಂಬನವಾಗಲಾರನು.

ಇಲ್ಲಿ ಒಂದು ಆಕ್ಷೇಪವುಂಟು. ನಟನು ಒಂದೇ ಪಾತ್ರವನ್ನು ನೂರು ರಾತ್ರಿ ಅಭಿನಯಿಸುವುದಿಲ್ಲವೇ? ಗಾಯಕನು ಒಂದೇ ರಾಗವನ್ನು ದಿನವೂ ಸಾಧಿಸುವುದಿಲ್ಲವೇ? ಆಕ್ಷೇಪವು ಸಾಧುವಾದುದೇ. ಕಾವ್ಯದಲ್ಲಿ ಸಹೃದಯನು ಬೇರೆ, ನಾಟ್ಯದಲ್ಲಿ ಪ್ರೇಕ್ಷಕನು ಬೇರೆ. ಈ ಆಟದಲ್ಲಾದರೋ ನಟನೂ ಪ್ರೇಕ್ಷಕನೂ ಒಬ್ಬನೇ. ಪುನರಾವೃತ್ತಿಯು ಪ್ರೇಕ್ಷಕನಿಗೆ ದೋಷವಾದರೂ ನಟನಿಗೆ ಅಭ್ಯಾಸ. ಯಾವ ದಾರಿ ಸಮೀಪ, ಎಲ್ಲಿ ನಿಂತರೆ ಕ್ಷೇಮ ಎಂಬುದನ್ನು ಕಲಿಯುವವರೆಗೆ ಪ್ರತಿಯೊಂದು ಯತ್ನವೂ ಅವನಿಗೆ ಏನನ್ನೋ ಕೊಡುತ್ತದೆ. ಕಂದಕದ ಉಪಾಯವು ಕೈವಶವಾದ ದಿನ ಆ ಕಲಿಕೆಯೂ ಮುಗಿಯುತ್ತದೆ. ಪ್ರೇಕ್ಷಕನು ಮೊದಲೇ ಎದ್ದು ಹೋಗಿದ್ದಾನೆ. ಈಗ ನಟನಿಗೂ ಕೆಲಸವಿಲ್ಲ. ಉಳಿಯುವುದು ಅದೃಷ್ಟವೊಂದೇ.

ಆ ಅದೃಷ್ಟದ ಸ್ವರೂಪವನ್ನು ನೋಡೋಣ. ‘ಹಾರ್ಲೆಕ್ವಿನ್ ಕ್ರೆಸ್ಟ್’ ಎಂಬ ಶಿರಸ್ತ್ರಾಣದಂತಹ ವಸ್ತುವೊಂದು ದೊರೆಯುವ ಸಂಭವವು ೪೦೦ಕ್ಕೆ ೧ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ೪೦೦ ಸಲ ಕೊಂದ ಮೇಲೂ ೧೦೦ ಮಂದಿಯಲ್ಲಿ ಸುಮಾರು ೩೭ ಮಂದಿ ಬರಿಗೈಯಲ್ಲಿಯೇ ಇರುತ್ತಾರೆ. ೪೦೧ನೆಯ ಯತ್ನದಲ್ಲಿಯೂ ಅವರ ಪಾಲಿನ ಸಂಭವವು ೪೦೦ಕ್ಕೆ ೧ ಮಾತ್ರ. ಸಂಭವವನ್ನು ಹೆಚ್ಚಿಸುವ ‘ಮ್ಯಾಜಿಕ್ ಫೈಂಡ್’ ಎಂಬ ಗುಣವುಳ್ಳ ಉಡುಪುಗಳುಂಟು. ಅದಕ್ಕೂ ಮಿತಿಯಿದೆ: ಅತ್ಯಪೂರ್ವ ವರ್ಗದ ವಸ್ತುಗಳ ವಿಷಯದಲ್ಲಿ ಶೇಕಡ ೨೫೦ರಷ್ಟು ಧರಿಸಿದರೆ ೧೨೫ರಷ್ಟು ಫಲ, ೫೦೦ರಷ್ಟು ಧರಿಸಿದರೆ ೧೬೭ರಷ್ಟೇ. ಇವುಗಳಿಗಾಗಿ ಶಕ್ತಿಯುತವಾದ ಆಯುಧ ಕವಚಗಳನ್ನು ಬಿಟ್ಟುಕೊಡಬೇಕಾಗುವುದರಿಂದ, ವೀರನು ಲಾಭಕ್ಕಾಗಿ ತನ್ನ ವೀರತ್ವವನ್ನೇ ಕುಗ್ಗಿಸಿಕೊಳ್ಳುತ್ತಾನೆ.

ಹೀಗಿರುವಾಗ ‘ಬೇಸಾಯ’ ಎಂಬ ಹೆಸರು ಇದಕ್ಕೆ ಒಪ್ಪುವುದೇ? ಬೇಸಾಯದಲ್ಲಿ ಮಳೆ ಕೈಕೊಡಬಹುದು. ಆದರೂ ಉತ್ತ ನೆಲ ಉತ್ತಂತೆ ಇರುತ್ತದೆ, ಬಿತ್ತಿದ ಬೀಜ ಬೆಳೆಯುತ್ತದೆ. ಇಲ್ಲಿ ನಿನ್ನೆಯ ದುಡಿಮೆಯು ಇಂದಿನದಕ್ಕೆ ಗೊಬ್ಬರವಾಗುವುದಿಲ್ಲ. ಫಲವು ಯಾವ ಯತ್ನಕ್ಕೆಂದು ತಿಳಿಯದಿದ್ದಾಗ ಪ್ರಾಣಿಯು ಎಡೆಬಿಡದೆ ಯತ್ನಿಸುವುದೆಂಬುದನ್ನು ಫರ್ಸ್ಟರ್ ಮತ್ತು ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು ೧೯೫೭ರ ತಮ್ಮ ಗ್ರಂಥದಲ್ಲಿ ಸವಿಸ್ತಾರವಾಗಿ ನಿರೂಪಿಸಿದ್ದಾರೆ. ಆಟಗಾರನ ಹಠವನ್ನೆಲ್ಲ ರಸಾಸ್ವಾದವೆಂದು ಭ್ರಮಿಸದಿರಲು ಈ ಮಾತು ನಮಗೆ ನೆರವಾಗುತ್ತದೆ.

ಹಾಗೆಂದು ಕಾಯುವಿಕೆಯನ್ನು ಪೂರ್ತಿಯಾಗಿ ತೆಗೆದುಹಾಕಿದರೆ ದೋಷವು ನೀಗುವುದೇ? ೨೦೧೨ರಲ್ಲಿ ಬಂದ ‘ಡಯಾಬ್ಲೊ ೩’ರಲ್ಲಿ ಇಂತಹ ವಸ್ತುಗಳನ್ನು ನಿಜವಾದ ಹಣಕ್ಕೆ ಕೊಳ್ಳುವ ಹರಾಜುಕಟ್ಟೆಯನ್ನೇ ಏರ್ಪಡಿಸಿದ್ದರು. ಕೊಂದು ಪಡೆಯುವ ಆಟದ ತಿರುಳಿಗೇ ಅದು ಕುಂದು ತರುತ್ತದೆಂದು ನಿರ್ಮಾಪಕರು ಕಂಡುಕೊಂಡು, ೨೦೧೪ರ ಮಾರ್ಚಿಯಲ್ಲಿ ಅದನ್ನು ಮುಚ್ಚಿದರು. ಕೊಂಡ ಶಿರಸ್ತ್ರಾಣಕ್ಕೆ ಕಥೆಯಿಲ್ಲ. ಕಾದು ಪಡೆದುದಕ್ಕೆ ಉಂಟು. ಬಹುಕಾಲದ ಮೇಲೆ ಅದು ನೆಲಕ್ಕೆ ಬಿದ್ದ ಗಳಿಗೆಯಲ್ಲಿ ಅದ್ಭುತವು ಮತ್ತೆ ಮಿಂಚುತ್ತದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಆ ಅದ್ಭುತವು ಮೆಫಿಸ್ಟೊವಿನದಲ್ಲ, ಸಂಖ್ಯೆಯದು. ಆದುದರಿಂದ ನಮ್ಮ ನಿರ್ಣಯವಿಷ್ಟು: ಪುನರ್ವಧೆಯು ತನ್ನಷ್ಟಕ್ಕೆ ದೋಷವಲ್ಲ, ಅಭ್ಯಾಸವು ಮುಗಿದ ಮೇಲೂ ಆಟಗಾರನನ್ನು ಹಿಡಿದಿಟ್ಟುಕೊಳ್ಳುವ ರಚನೆಯು ದೋಷ. ಮರಳಿ ಬಂದವನಿಗೆ ಹೊಸದೊಂದು ಪ್ರತ್ಯುತ್ತರವನ್ನು ಕೊಡಬಲ್ಲ ಶತ್ರುವನ್ನು ನಿರ್ಮಿಸುವುದು ಈ ಕಲೆಯ ಕವಿಗಳ ಹೊಣೆ. ತಾನಿನ್ನೂ ಆಡುತ್ತಿದ್ದೇನೆಯೇ, ಬರಿದೆ ಕಾಯುತ್ತಿದ್ದೇನೆಯೇ ಎಂದು ತನ್ನನ್ನೇ ಕೇಳಿಕೊಳ್ಳುವುದು ಸಹೃದಯನ ಹೊಣೆ.