ಆಟದ ಬಯಲು ಮತ್ತು ಅದರ ಹೊರಗಣ ಬಾಳು: ಡಾನ್ ಹೆಲಿಸನ್ನರ ಸಂಶೋಧನೆಯ ಒಂದು ವಿಮರ್ಶೆ

ಆಟೋಟಗಳಿಂದ ಶೀಲ ಬೆಳೆಯುತ್ತದೆಂಬ ಮಾತು ನಮಗೆ ಹೊಸದಲ್ಲ. ಹಳೆಯ ಮೈಸೂರಿನ ಗರಡಿಗಳಲ್ಲಿ ಉಸ್ತಾದರು ಪಟ್ಟುಗಳೊಡನೆ ನಡತೆಯನ್ನೂ ಕಲಿಸುತ್ತಿದ್ದರು. 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಶಾಲೆಯನ್ನು ಆರಂಭಿಸಿದುದೂ ಇಂಥದೇ ಶ್ರದ್ಧೆಯಿಂದ. ಆದರೆ ಶ್ರದ್ಧೆ ಬೇರೆ, ಪ್ರಮಾಣ ಬೇರೆ. ಈ ಶ್ರದ್ಧೆಯನ್ನು ಪರೀಕ್ಷೆಗೆ ಒಡ್ಡುವುದಕ್ಕಾಗಿ ವೃತ್ತಿಜೀವನವನ್ನೇ ಮೀಸಲಿಟ್ಟವರಲ್ಲಿ, 2018ರಲ್ಲಿ ನಿಧನರಾದ ಅಮೆರಿಕದ ಪ್ರಾಧ್ಯಾಪಕ ಡಾನ್ ಹೆಲಿಸನ್ ಪ್ರಮುಖರು.

ಪೋರ್ಟ್‌ಲೆಂಡಿನಲ್ಲಿಯೂ ಅನಂತರ ಷಿಕಾಗೋದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿಯೂ ಅಧ್ಯಾಪಕರಾಗಿದ್ದ ಅವರು, ಬಡ ಕೇರಿಗಳ ಹುಡುಗರಿಗೆ ತಾವೇ ಆಟ ಕಲಿಸುತ್ತ, ಕಲಿಸಿದುದನ್ನೇ ಅಧ್ಯಯನದ ವಸ್ತುವನ್ನಾಗಿ ಮಾಡಿಕೊಂಡರು. 1995ರಲ್ಲಿ ಪ್ರಕಟವಾದ ‘ಟೀಚಿಂಗ್ ರೆಸ್ಪಾನ್ಸಿಬಿಲಿಟಿ ಥ್ರೂ ಫಿಸಿಕಲ್ ಆ್ಯಕ್ಟಿವಿಟಿ’ ಈ ಅನುಭವದ ಸಾರ. ಅದರಲ್ಲಿ ಐದು ಮೆಟ್ಟಿಲುಗಳಿವೆ: ಪರರ ಹಕ್ಕು ಮತ್ತು ಭಾವನೆಗಳಿಗೆ ಗೌರವ, ಪ್ರಯತ್ನ, ಸ್ವಯಂ ನಿರ್ದೇಶನ, ಪರೋಪಕಾರ, ಕಡೆಯದು, ಕಲಿತ ಇವೆಲ್ಲವನ್ನೂ ಆಟದ ಬಯಲಿನಿಂದಾಚೆಗೆ ಕೊಂಡೊಯ್ಯುವುದು. ‘ಯುವಜನರ ಸಕಾರಾತ್ಮಕ ವಿಕಾಸ’ವೆಂಬ ಹೆಸರು ವಿದ್ವತ್ ವಲಯದಲ್ಲಿ ರೂಢಿಗೆ ಬರುವುದಕ್ಕೆ ಮುಂಚೆಯೇ ಅವರು ಆ ಕಾರ್ಯದಲ್ಲಿ ತೊಡಗಿದ್ದರೆಂಬುದು ಗಮನಾರ್ಹ.

ಈ ಕೃತಿಯ ಹಿರಿಮೆ ಐದನೆಯ ಮೆಟ್ಟಿಲಿನಲ್ಲಿದೆ. ಆಟವೇ ಗುಣವನ್ನು ತಾನಾಗಿ ಹುಟ್ಟಿಸುತ್ತದೆಂಬ ಭ್ರಮೆ ಹೆಲಿಸನ್ನರಿಗಿಲ್ಲ. ಗುಣವನ್ನು ಬೇಕೆಂದೇ ಕಲಿಸಬೇಕು. ಕಲಿತುದು ಮನೆಯಲ್ಲಿ, ಬೀದಿಯಲ್ಲಿ ನಿಲ್ಲುವುದೋ ಎಂದು ನೋಡಬೇಕು. ಇದರ ಕೊರತೆಯೂ ಅಲ್ಲಿಯೇ ಇದೆ. ಅವರು ಮುಂದಿಡುವ ಆಧಾರಗಳಲ್ಲಿ ಬಹುಪಾಲು ಶಿಕ್ಷಕನ ದಿನಚರಿ, ಮಕ್ಕಳ ಮಾತು, ಸಣ್ಣ ಗುಂಪುಗಳ ಅವಲೋಕನ. ಒಬ್ಬ ಸಮರ್ಥ ಗುರುವಿದ್ದಲ್ಲಿ ಫಲ ಕಾಣುವುದು ಸಹಜ. ಆ ಗುರು ಹೋದ ಮೇಲೆ, ಹಣ ನಿಂತ ಮೇಲೆ ಏನಾಗುವುದೆಂಬುದು ಇತಿಹಾಸಕಾರನ ಪ್ರಶ್ನೆ. ಸಮಾಜಶಾಸ್ತ್ರಜ್ಞ ಜೇ ಕೋಕ್ಲಿ 2011ರಲ್ಲಿ ಎತ್ತಿದ ಆಕ್ಷೇಪವೂ ಇದಕ್ಕೆ ಹತ್ತಿರದ್ದು: ವ್ಯಕ್ತಿಯನ್ನು ತಿದ್ದುವ ಭರದಲ್ಲಿ ಅವನು ಬಾಳುವ ಪರಿಸ್ಥಿತಿಯನ್ನು ಮರೆಯಲಾಗದು.

ಇದಕ್ಕೆ ನಿದರ್ಶನ ಕರ್ನಾಟಕದಲ್ಲಿಯೇ ಇದೆ. 1987ರಲ್ಲಿ, ಮಾರ್ಗರೆಟ್ ಆಳ್ವಾ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆತಂದಿತು. ಕೆಲವರು ಪದಕ ಗೆದ್ದರು, ಕೆಲವರಿಗೆ ಉದ್ಯೋಗ ದೊರೆಯಿತು. 1993ರ ಹೊತ್ತಿಗೆ ಸಿದ್ದಿಗಳ ಪಾಲಿಗೆ ಯೋಜನೆ ನಿಂತಿತು. ಹಲವರು ಕೂಲಿಗೂ ಹೊಲಕ್ಕೂ ಹಿಂದಿರುಗಿದರು. ಆಫ್ರಿಕ ಮೂಲದವರಾದುದರಿಂದ ಓಡಬಲ್ಲರೆಂಬ ಊಹೆಯ ಮೇಲೆ ನಿಂತಿದ್ದ ಆ ಯೋಜನೆ ಪದಕವನ್ನು ಎಣಿಸಿತೇ ಹೊರತು ಬಾಳನ್ನಲ್ಲ. ಹೆಲಿಸನ್ನರ ಐದನೆಯ ಮೆಟ್ಟಿಲು ಅದರಲ್ಲಿ ಇರಲಿಲ್ಲ. ಇದ್ದಿದ್ದರೂ, ಸಂಸ್ಥೆಯ ಬೆಂಬಲವಿಲ್ಲದೆ ಅದು ನಿಲ್ಲುತ್ತಿತ್ತೆಂದು ಹೇಳಲು ಹೆಲಿಸನ್ನರ ಗ್ರಂಥ ಸಾಲದು. ಗ್ರಂಥದ ಬೆಲೆಯೂ ಮಿತಿಯೂ ಒಟ್ಟಿಗೆ ತಿಳಿಯುವುದು ಇಲ್ಲಿ.

ಈ ವಿಚಾರ ಚಾಮರಾಜನಗರ, ಗುಂಡ್ಲುಪೇಟೆಗಳಿಗೆ ದೂರದ್ದಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಗೆದ್ದ ಮಹಿಳಾ ತಂಡದಲ್ಲಿ ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಬಯಲು ಎಂಥ ಪ್ರತಿಭೆಯನ್ನು ಬೆಳೆಸಬಲ್ಲುದೆಂಬುದಕ್ಕೆ ಇದು ಸಾಕ್ಷಿ. ಆದರೆ ಬಿಳಿಗಿರಿರಂಗನ ಬೆಟ್ಟದ ಪೋಡುಗಳಿಂದಲೂ ಬಂಡೀಪುರದ ಕಾಡಂಚಿನ ಹಾಡಿಗಳಿಂದಲೂ ಶಾಲೆಗೆ ಬರುವ ಮಕ್ಕಳಲ್ಲಿ ವಿಶ್ವಕಪ್ಪಿನವರೆಗೆ ಹೋಗುವವರು ಎಲ್ಲೋ ಒಬ್ಬರು. ಉಳಿದವರಿಗೆ ಆಟ ಏನು ಕೊಟ್ಟಿತು? ಪರೀಕ್ಷೆ ಹತ್ತಿರವಾದೊಡನೆ ಆಟದ ಪೀರಿಯಡ್ಡು ಬೇರೆ ಪಾಠಕ್ಕೆ ಸಲ್ಲುವ ಶಾಲೆ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಆದ್ದರಿಂದ ಹೆಲಿಸನ್ನರನ್ನು ನಮ್ಮ ಅಧ್ಯಾಪಕರು ಓದಬೇಕು. ಆದರೆ ಅವರು ನಿಲ್ಲಿಸಿದಲ್ಲಿಂದ ಮುಂದೆ ಸಾಗಬೇಕು. ಯಾವ ಶಾಲೆಯ ತಂಡದಲ್ಲಿ ಆಡಿದವರು ಹತ್ತು ವರ್ಷಗಳ ಬಳಿಕ ಏನಾಗಿದ್ದಾರೆಂದು ಹಾಜರಿ ಪುಸ್ತಕ ಹಿಡಿದು ಹುಡುಕುವುದು ವಿದ್ಯಾರ್ಥಿಗಳಿಗೆ ಯೋಗ್ಯವಾದ ಸಂಶೋಧನೆ. ಬಹುಮಾನದ ಬಟ್ಟಲುಗಳು ಗೆದ್ದವರ ಕಥೆಯನ್ನು ಮಾತ್ರ ಹೇಳುತ್ತವೆ. ಸೋತವರ ಹಾಗೂ ಆಡುವುದನ್ನು ಬಿಟ್ಟವರ ಚರಿತ್ರೆಯನ್ನು ಬರೆದಲ್ಲದೆ ಆಟ ಶೀಲವನ್ನು ಬೆಳೆಸುತ್ತದೆಂದು ಹೇಳುವ ಅಧಿಕಾರ ನಮಗಿಲ್ಲ.