ಹಿಂದಕ್ಕೆ ಹೋಗುವ ಚೆಂಡು: ಆಲ್ಬರ್ಟ್ ರೋಕಾ ಆಟದ ರಸಿಕರಿಗೊಂದು ಕೈಪಿಡಿ

ಕಂಠೀರವ ಕ್ರೀಡಾಂಗಣದಲ್ಲಿ ಡಿಫೆಂಡರ್ ಒಬ್ಬ ಚೆಂಡನ್ನು ತನ್ನದೇ ಗೋಲ್‌ಕೀಪರ್‌ಗೆ ಹಿಂದಿರುಗಿಸಿದ ಕೂಡಲೇ ಒಂದು ಗೊಣಗಾಟ ಏಳುತ್ತದೆ. "ಮುಂದಕ್ಕೆ ಹೊಡಿಯೋ!" "ಹೆದರ್ಕೊಂಡ್ಬಿಟ್ಟ ನೋಡು." ಆಮೇಲೆ ಶಿಳ್ಳೆ. ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಪಂದ್ಯ ಮುಗಿಯುವವರೆಗೂ ಹಾಡುವ ಹುಡುಗರ ಬಗ್ಗೆ ನನ್ನ ತಕರಾರಿಲ್ಲ, ಅವರು ಚೆಂಡು ಯಾವ ಕಡೆ ಹೋದರೂ ಹಾಡುತ್ತಾರೆ. ನನ್ನ ಸಿಟ್ಟು ಉಳಿದವರ ಮೇಲೆ. ಯುರೋಪಿನ ಯಾವುದೋ ಕ್ಲಬ್ಬಿನ ಜೆರ್ಸಿ ತೊಟ್ಟು ಬಂದು, ಅದೇ ಕ್ಲಬ್ಬು ಅದೇ ಪಾಸನ್ನು ಟಿ.ವಿ.ಯಲ್ಲಿ ಆಡಿದಾಗ ತಲೆದೂಗಿ, ಇಲ್ಲಿ ನಮ್ಮ ಹುಡುಗ ಆಡಿದರೆ ಶಿಳ್ಳೆ ಹಾಕುವವರ ಮೇಲೆ. ಆಟದ ಅತ್ಯಂತ ಸೊಗಸಾದ ಭಾಗ ಶುರುವಾಗುವ ಹೊತ್ತಿಗೆ ಸರಿಯಾಗಿ ಅವರ ಸಹನೆ ಮುಗಿದಿರುತ್ತದೆ. ಅವರಲ್ಲಿ ಒಬ್ಬರನ್ನಾದರೂ ಈ ಕಡೆಗೆ ಎಳೆದುಕೊಳ್ಳಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಆಫ್‌ಸೈಡ್ ಎಂದರೇನು, ಯಾರು ಯಾವ ಜಾಗದಲ್ಲಿ ಆಡುತ್ತಾರೆ ಎಂಬುದನ್ನೆಲ್ಲ ನಾನು ಹೇಳುವುದಿಲ್ಲ. ಅವು ಎರಡು ಪಂದ್ಯ ನೋಡಿದರೆ ತಾವಾಗಿಯೇ ತಿಳಿಯುತ್ತವೆ. ಹಿಂದಿನಿಂದ ಆಟ ಕಟ್ಟುವುದು ಎಂಬ ಕಲೆ ತಾನಾಗಿ ತಿಳಿಯುವುದಿಲ್ಲ. ಅದನ್ನು ಕಲಿಯಲು ನಮ್ಮೂರಿನವರಿಗೆ ಬೇರೆಲ್ಲೂ ಹೋಗಬೇಕಾಗಿಲ್ಲ. 2016ರಿಂದ 2018ರವರೆಗೆ ಬೆಂಗಳೂರು ಎಫ್‌ಸಿಗೆ ಕೋಚ್ ಆಗಿದ್ದ ಆಲ್ಬರ್ಟ್ ರೋಕಾ ಅದರ ಪೂರ್ಣ ಪಾಠವನ್ನು ಕಬ್ಬನ್ ಪಾರ್ಕಿನ ಪಕ್ಕದಲ್ಲೇ ಮಾಡಿ ಹೋಗಿದ್ದಾರೆ.

ರೋಕಾ ಕ್ಯಾಟಲೋನಿಯಾದ ಗ್ರಾನೊಲ್ಲೆರ್ಸ್‌ನವರು, ಹುಟ್ಟಿದ್ದು 1962ರಲ್ಲಿ. ಆಟಗಾರನಾಗಿ ಡಿಫೆಂಡರ್. ಸಬಾಡೆಲ್‌ನಂಥ ತಂಡದಲ್ಲಿ ಬೆವರು ಸುರಿಸಿದ ಮನುಷ್ಯನೇ ಹೊರತು ಪೋಸ್ಟರಿನಲ್ಲಿ ಬರುವ ತಾರೆಯಲ್ಲ. ಇದು ಮುಖ್ಯ. ಚೆಂಡನ್ನು ಕಣ್ಣುಮುಚ್ಚಿ ದೂರಕ್ಕೆ ಒದೆಯುವ ಆಸೆ ಎಷ್ಟು ಬಲವಾದದ್ದೆಂದು ಬಲ್ಲವನು ಡಿಫೆಂಡರನೇ. ಆ ಆಸೆಯನ್ನು ಗೆಲ್ಲುವುದನ್ನು ಇನ್ನೊಬ್ಬ ಡಿಫೆಂಡರಿಗೆ ಕಲಿಸಲು ಅವನಿಗಿಂತ ತಕ್ಕವರಿಲ್ಲ. ಮುಂದೆ ಅವರು ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರ ತರಬೇತಿ ಬಳಗ ಸೇರಿದರು. ರೈಕಾರ್ಡ್ ಅಯಾಕ್ಸ್‌ನಲ್ಲಿ ಯೋಹಾನ್ ಕ್ರೈಫ್ ಕೈಕೆಳಗೆ ಆಡಿದವರು. ಆ ಕ್ರೈಫ್ 1988ರಿಂದ 1996ರವರೆಗೆ ಬಾರ್ಸಿಲೋನಾದ ಕೋಚ್ ಆಗಿ ಆ ಊರಿನ ಆಟದ ಮನೋಧರ್ಮವನ್ನೇ ತಿದ್ದಿದವರು. ಪರಂಪರೆಯ ಸಾಲು ಹೀಗೆ ನೇರವಾಗಿದೆ. 2006ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ರೈಕಾರ್ಡ್ ತಂಡ ಆರ್ಸೆನಲ್ ವಿರುದ್ಧ 2-1ರಿಂದ ಚಾಂಪಿಯನ್ಸ್ ಲೀಗ್ ಗೆದ್ದಿತು. ಆಮೇಲೆ ಅದೇ ಗುರುವಿನ ಜೊತೆ ತುರ್ಕಿಯ ಗಲಾಟಸರಾಯ್, ಅಲ್ಲಿಂದ ಸೌದಿ ಅರೇಬಿಯಾದ ರಾಷ್ಟ್ರೀಯ ತಂಡ. 2014ರಲ್ಲಿ ಸ್ವತಂತ್ರವಾಗಿ ಎಲ್ ಸಾಲ್ವಡಾರ್ ದೇಶದ ತಂಡದ ಹೊಣೆ. 2016ರ ಬೇಸಿಗೆ ಕಳೆದ ಮೇಲೆ ಬೆಂಗಳೂರು.

ಅವರು ಬಂದಾಗ ಕ್ಲಬ್ಬಿಗೆ ಮೂರು ವರ್ಷ. ಅಷ್ಟರಲ್ಲಿ ಆಶ್ಲಿ ವೆಸ್ಟ್‌ವುಡ್ ಎರಡು ಐ-ಲೀಗ್ ಗೆದ್ದುಕೊಟ್ಟಿದ್ದರು, 2013-14ರಲ್ಲಿ ಒಂದು, 2015-16ರಲ್ಲಿ ಇನ್ನೊಂದು. ನೇರ ಆಟ, ಇಂಗ್ಲೆಂಡಿನ ಮೈಕಟ್ಟಿನ ಆಟ. ಗೆಲ್ಲುತ್ತಿದ್ದ ತಂಡದ ಕಾಲಿನ ಅಭ್ಯಾಸವನ್ನೇ ಬದಲಿಸಲು ಹೊರಡುವುದಕ್ಕೆ ಎದೆಗಾರಿಕೆ ಬೇಕು. ಸೋತ ತಂಡ ಏನು ಹೇಳಿದರೂ ಕೇಳುತ್ತದೆ, ಗೆದ್ದವರು ಯಾಕೆ ಕೇಳಬೇಕು?

ಕೇಳಿದರು ಎನ್ನುವುದು ನನಗೆ ಖಚಿತವಾದದ್ದು 2016ರ ಅಕ್ಟೋಬರ್ 19ರ ರಾತ್ರಿ. ಎಎಫ್‌ಸಿ ಕಪ್ ಸೆಮಿಫೈನಲ್ಲಿನ ಎರಡನೇ ಪಂದ್ಯ, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಮಲೇಷ್ಯಾದ ಜೋಹರ್ ದಾರುಲ್ ತಾಜಿಮ್. ಅವರ ಊರಿನಲ್ಲಿ 1-1 ಆಗಿತ್ತು. ಇಲ್ಲಿ ಹನ್ನೊಂದನೇ ನಿಮಿಷಕ್ಕೇ ಸಫೀಕ್ ರಹೀಂ ಗೋಲು ಹೊಡೆದರು. ಒಟ್ಟು ಲೆಕ್ಕದಲ್ಲಿ ನಾವು ಹಿಂದೆ. ಅದಕ್ಕೂ ಮೊದಲು ಭಾರತದ ತಂಡಗಳು ಇಂಥ ಹೊತ್ತಿನಲ್ಲಿ ಏನು ಮಾಡುತ್ತವೆ ಎಂಬುದನ್ನು ನಾನು ಬೇಕಾದಷ್ಟು ನೋಡಿದ್ದೆ: ಚೆಂಡನ್ನು ಎತ್ತಿ ಮುಂದಕ್ಕೆ ಒಗೆಯುವುದು, ಅದರ ಹಿಂದೆ ಓಡುವುದು, ಉಸಿರು ಕಳೆದುಕೊಳ್ಳುವುದು. ಆ ರಾತ್ರಿ ಹುವಾನನ್ ಎಂಬ ಸ್ಪೇನಿನ ಡಿಫೆಂಡರ್ ಚೆಂಡನ್ನು ಕಾಲಡಿ ಇಟ್ಟುಕೊಂಡು ನಿಂತರು. ಸುತ್ತ ಕೂಗು. ಅವರು ಕಾದರು. ಎದುರಾಳಿ ಹತ್ತಿರ ಬರುವವರೆಗೂ ಕಾದು, ಬಂದ ಮೇಲೆ ಪಕ್ಕಕ್ಕೆ ಕೊಟ್ಟರು. ಆ ಎದುರಾಳಿ ಬಿಟ್ಟುಬಂದ ಜಾಗದಲ್ಲಿ ನಮ್ಮವನೊಬ್ಬ ಆಗಲೇ ನಿಂತಿದ್ದ. ಮೇಲಿನ ಸಾಲಿನಲ್ಲಿ ಕೂತಿದ್ದ ನನಗೆ ಇಡೀ ಮೈದಾನದ ಬೀಗ ಒಂದೇ ಸಲ ಬಿಚ್ಚಿಕೊಂಡಂತಾಯಿತು. ಆಮೇಲೆ ಗೋಲುಗಳು ಬಂದವು: ಸುನಿಲ್ ಛೆಟ್ರಿಯಿಂದ ಎರಡು, ಹುವಾನನ್‌ರಿಂದಲೇ ಒಂದು. 3-1. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದಾಯಿತು. ಊರೆಲ್ಲ ಛೆಟ್ರಿಯ ಗೋಲುಗಳ ಮಾತಾಡುತ್ತಿದ್ದಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಹುವಾನನ್ ಕಾದ ಆ ಗಳಿಗೆ.

ಹಾಗಾದರೆ ಹಿಂದಕ್ಕೆ ಯಾಕೆ? ಗಾಳಿಪಟ ಮೇಲೇರಬೇಕಾದರೆ ದಾರವನ್ನು ನಮ್ಮ ಕಡೆಗೆ ಎಳೆದುಕೊಳ್ಳಬೇಕು. ಹಿಂದಕ್ಕೆ ಹೋದ ಚೆಂಡು ಎದುರಾಳಿಗಳನ್ನು ಎಳೆಯುತ್ತದೆ. ಅವರ ಮುಂಚೂಣಿಯವರು ನಮ್ಮ ಗೋಲಿನತ್ತ ನುಗ್ಗುತ್ತಾರೆ, ಅವರ ಹಿಂದಿನ ಸಾಲಿನವರು ಅವರ ಜೊತೆ ಮೇಲೆ ಬರಲೇಬೇಕು, ಬರದಿದ್ದರೆ ಎರಡು ಸಾಲಿನ ನಡುವೆ ಬಯಲು ಬೀಳುತ್ತದೆ. ಬಂದರೋ, ಅವರ ಬೆನ್ನ ಹಿಂದೆ ಬಯಲು. ಎರಡರಲ್ಲಿ ಒಂದು ಆಗಲೇಬೇಕು. ಉದಾಂತ ಸಿಂಗ್‌ರಂಥ ಓಟಗಾರ ಬಲಬದಿಯಲ್ಲಿ ಕಾದು ನಿಂತಿದ್ದಾಗ ಆ ಬಯಲಿನ ಬೆಲೆ ಏನೆಂದು ಎದುರಾಳಿಗಳಿಗೆ ಚೆನ್ನಾಗಿ ಗೊತ್ತಿತ್ತು. ಅಂದಮೇಲೆ ಹಿಂದಕ್ಕೆ ಕೊಟ್ಟ ಪಾಸ್ ಹೇಡಿತನ ಹೇಗಾಗುತ್ತದೆ? ನಮ್ಮ ಗೋಲಿನ ಬಾಯಿಯಲ್ಲೇ ಎದುರಾಳಿಯನ್ನು ಬಾ ಎಂದು ಕರೆಯುವ ಧೈರ್ಯ ಅದು. ಎತ್ತಿ ಒಗೆಯುವುದರಲ್ಲಿ ಅಪಾಯವಿಲ್ಲ, ಆದ್ದರಿಂದ ಅದರಲ್ಲಿ ಧೈರ್ಯವೂ ಇಲ್ಲ.

ಇದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. 1992ರಲ್ಲಿ ನಿಯಮ ಬದಲಾಗಿ, ತನ್ನವನೇ ಬೇಕೆಂದು ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಎಂದಾಯಿತು. ಸಮಯ ಕೊಲ್ಲುವುದನ್ನು ತಡೆಯಲು ಬಂದ ನಿಯಮ ಗೋಲ್‌ಕೀಪರನ್ನು ಹನ್ನೊಂದನೆಯ ಕಾಲಾಳುವನ್ನಾಗಿ ಮಾಡಿತು. ಇನ್ನೊಂದು ಬದಲಾವಣೆ 2019ರ ಜೂನ್‌ನಿಂದ ಜಾರಿಗೆ ಬಂತು: ಗೋಲ್‌ಕಿಕ್ ಆದಾಗ ಚೆಂಡು ಪೆನಾಲ್ಟಿ ಪ್ರದೇಶದಿಂದ ಹೊರಬರುವವರೆಗೆ ಕಾಯಬೇಕಿಲ್ಲ, ಡಿಫೆಂಡರ್ ಒಳಗೇ ನಿಂತು ತೆಗೆದುಕೊಳ್ಳಬಹುದು. ಈಗಿನ ತಂಡಗಳಿಗೆ ಈ ಅನುಕೂಲ ಉಂಟು. ರೋಕಾ ಕಾಲದಲ್ಲಿ ಇರಲಿಲ್ಲ. ಹುವಾನನ್ ಮತ್ತು ಜಾನ್ ಜಾನ್ಸನ್ ಪೆನಾಲ್ಟಿ ಪ್ರದೇಶದ ಹೊರಗೆ ನಿಂತೇ ಚೆಂಡು ಪಡೆಯಬೇಕಿತ್ತು, ಎದುರಾಳಿ ಅವರ ಮೈಮೇಲೆ ಬರಲು ಕೆಲವೇ ಹೆಜ್ಜೆ. ಇಂದಿನ ಹುಡುಗರು ಆಡುವುದನ್ನು ನೋಡಿ ಅವರ ಕಷ್ಟವನ್ನು ಅಳೆಯಬೇಡಿ.

ಮೈದಾನಕ್ಕೆ ಹೋದಾಗ ಕಣ್ಣು ಎಲ್ಲಿಡಬೇಕು? ಕಂಠೀರವದಲ್ಲಿ ಓಟದ ಟ್ರ್ಯಾಕ್ ಅಡ್ಡ ಇರುವುದರಿಂದ ಕೆಳಗಿನ ಸಾಲು ವ್ಯರ್ಥ. ಹುಲ್ಲು ದೂರ, ಎತ್ತರವೂ ಇಲ್ಲ. ಮೇಲೆ ಹೋಗಿ ಕೂರಿ. ಚೆಂಡು ಕೀಪರ್ ಬಳಿ ಇದ್ದಾಗ ಕೀಪರನ್ನು ನೋಡಬೇಡಿ, ನಡುಮೈದಾನದ ಇಬ್ಬರನ್ನು ನೋಡಿ. 2017-18ರಲ್ಲಿ ಆ ಇಬ್ಬರು ದಿಮಾಸ್ ಡೆಲ್ಗಾಡೊ ಮತ್ತು ಆಸ್ಟ್ರೇಲಿಯಾದ ಎರಿಕ್ ಪಾರ್ತಾಲು. ಡೆಲ್ಗಾಡೊ ಬಾರ್ಸಿಲೋನಾದ ಬಿ ತಂಡದಲ್ಲಿ ಬೆಳೆದವರು. ಚೆಂಡು ತನ್ನ ಕಡೆ ಹೊರಡುವ ಮುಂಚೆಯೇ ಒಮ್ಮೆ ಎಡಭುಜದ ಮೇಲಿಂದ, ಒಮ್ಮೆ ಬಲಭುಜದ ಮೇಲಿಂದ ಹಿಂದಿರುಗಿ ನೋಡುತ್ತಿದ್ದರು. ಬೆನ್ನ ಹಿಂದೆ ಯಾರಿದ್ದಾರೆಂಬ ಚಿತ್ರ ಆಗಲೇ ತಲೆಯಲ್ಲಿ ಕೂತಿರುತ್ತಿತ್ತು. ಚೆಂಡು ಬಂದಾಗ ಮೈಯನ್ನು ಅಡ್ಡಲಾಗಿ ತೆರೆದು ನಿಂತು, ದೂರದ ಕಾಲಿನಿಂದ ಸ್ವೀಕರಿಸುತ್ತಿದ್ದರು. ಒಂದೇ ತಾಗುವಿಕೆಯಲ್ಲಿ ಮುಖ ಎದುರಾಳಿ ಗೋಲಿನ ಕಡೆ. ಅದನ್ನು ಹಾಳು ಮಾಡಲು ಕೆಟ್ಟ ಪಾಸ್ ಒಂದೇ ಸಾಕು: ಹತ್ತಿರದ ಕಾಲಿಗೆ ಕೊಟ್ಟರೆ ಆತ ಮುಂದಕ್ಕೆ ತಿರುಗಲಾರ. ಆದ್ದರಿಂದ ಪಾಸ್ ಮುಟ್ಟಿತೋ ಇಲ್ಲವೋ ಎಂದು ಲೆಕ್ಕ ಹಾಕುವುದು ಬಿಟ್ಟು ಯಾವ ಕಾಲಿಗೆ ಮುಟ್ಟಿತು ಎಂದು ನೋಡಿ. ಟಿ.ವಿ. ಪರದೆಯ ಮೂಲೆಯಲ್ಲಿ ತೋರಿಸುವ ಶೇಕಡಾವಾರು ಅಂಕಿಗಳಿಗೆ ಇದು ಕಾಣುವುದಿಲ್ಲ. ಟಿ.ವಿ. ಕ್ಯಾಮೆರಾ ಚೆಂಡಿನ ಹಿಂದೆಯೇ ಅಲೆಯುವುದರಿಂದ ಡೆಲ್ಗಾಡೊ ಭುಜ ತಿರುಗಿಸಿದ್ದು ಮನೆಯಲ್ಲಿ ಕೂತವರಿಗೆ ಎಂದೂ ದಕ್ಕಲಿಲ್ಲ.

ಆಮೇಲೆ ಮೂರನೆಯವನನ್ನು ಹುಡುಕಿ. ಮೊದಲನೆಯವನು ಎರಡನೆಯವನಿಗೆ ಕೊಡುತ್ತಾನೆ, ಆದರೆ ಆ ಪಾಸ್‌ನ ಉದ್ದೇಶ ಎರಡನೆಯವನಲ್ಲ. ಅವನು ಒಂದೇ ಮುಟ್ಟಿಗೆ ಬಿಟ್ಟುಕೊಡುವ ಮೂರನೆಯವನು. ಅವನು ಚೆಂಡು ಹೊರಡುವ ಮೊದಲೇ ಓಡಲು ಶುರುಮಾಡಿರುತ್ತಾನೆ. ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು, ಪಾರ್ತಾಲು, ಛೆಟ್ರಿ, ಹೀಗೆ ಹೆಸರುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಾ ಹೋಗಿ. ಒಂದು ಸಂಜೆ ಪೂರ್ತಿ ಹೀಗೆ ನೋಡಿದ ಮೇಲೂ ಗೋಲುಗಳ ತುಣುಕು ವಿಡಿಯೊ ಸಾಕು ಎನ್ನುವವರು ನನಗೆ ಇನ್ನೂ ಸಿಕ್ಕಿಲ್ಲ. ಆ ತುಣುಕುಗಳು ಈ ಪೀಳಿಗೆಯ ಕಣ್ಣನ್ನು ಕೆಡಿಸಿವೆ. ಇಪ್ಪತ್ತು ಪಾಸ್‌ಗಳನ್ನು ಕತ್ತರಿಸಿ ಕೊನೆಯ ಒದೆತವನ್ನಷ್ಟೇ ತೋರಿಸುವುದನ್ನು ಫುಟ್‌ಬಾಲ್ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಹಾಗೆಯೇ ನಾಲ್ಕು ಸಣ್ಣ ಪಾಸ್ ಕಂಡ ಕೂಡಲೇ 'ಟಿಕಿಟಾಕಾ' ಎಂದು ಕೂಗುವವರನ್ನೂ ದೂರವಿಡಿ. ರೋಕಾ ತಂಡ ಬೇಕಾದಾಗ ನಲವತ್ತು ಮೀಟರ್ ಪಾಸನ್ನೂ ಆಡುತ್ತಿತ್ತು, ಎದುರಾಳಿಯನ್ನು ಎಳೆದುಕೊಂಡ ಮೇಲೆ.

ದೇಹದ ಮಾತನ್ನೂ ಹೇಳಬೇಕು. ರೋಕಾ ಮೂಲತಃ ಆಟಗಾರರ ದೈಹಿಕ ಸಿದ್ಧತೆಯ ವಿದ್ಯೆ ಬಲ್ಲವರು. 2020ರಲ್ಲಿ ರೊನಾಲ್ಡ್ ಕೂಮನ್ ಬಾರ್ಸಿಲೋನಾಗೆ ಕೋಚ್ ಆಗಿ ಬಂದಾಗ ಅವರನ್ನು ಮರಳಿ ಕರೆಸಿಕೊಂಡದ್ದೂ ಆ ಕೆಲಸಕ್ಕೇ. ಎಪ್ಪತ್ತನೇ ನಿಮಿಷದಲ್ಲಿ ದಣಿದ ಕಾಲು ಮೊದಲು ಮರೆಯುವುದು ನಿಖರತೆಯನ್ನು. ಹಿಂದಿನಿಂದ ಕಟ್ಟುವ ಆಟ ದಣಿದ ತಂಡಕ್ಕೆ ಆತ್ಮಹತ್ಯೆ.

ಅವರ ದಾಖಲೆಯಲ್ಲಿ ಉಳಿದದ್ದನ್ನು ಬೇಗ ಹೇಳುತ್ತೇನೆ. 2016ರ ನವೆಂಬರ್ 5ರಂದು ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್, ಇರಾಕಿನ ವಾಯುಪಡೆ ತಂಡದ ಹಮ್ಮಾದಿ ಅಹ್ಮದ್ ಹೊಡೆದ ಏಕೈಕ ಗೋಲಿನಿಂದ ಸೋಲು. 2017ರಲ್ಲಿ ಕಟಕ್‌ನಲ್ಲಿ ಮೋಹನ್ ಬಗಾನ್ ವಿರುದ್ಧ ಫೆಡರೇಷನ್ ಕಪ್. ಅದೇ ವರ್ಷ ಉತ್ತರ ಕೊರಿಯಾದ ಏಪ್ರಿಲ್ 25 ತಂಡವನ್ನು ಇಲ್ಲಿ 3-0ಯಿಂದ ಸೋಲಿಸಿ, ಪ್ಯೊಂಗ್ಯಾಂಗ್‌ಗೆ ಹೋಗಿ 0-0 ಆಡಿ ಬಂದರು. 2018ರ ಏಪ್ರಿಲ್‌ನಲ್ಲಿ ಭುವನೇಶ್ವರದಲ್ಲಿ ಸೂಪರ್ ಕಪ್: ಸೆಮಿಫೈನಲ್ಲಿನಲ್ಲಿ ಮೋಹನ್ ಬಗಾನ್ ಎದುರು ಒಂದು ಗೋಲು ಹಿಂದಿದ್ದು, ನಿಶು ಕುಮಾರ್ ಕೆಂಪು ಕಾರ್ಡ್ ಕಂಡು ಹತ್ತೇ ಜನ ಉಳಿದ ಮೇಲೆ 4-2. ಮುಂಚೂಣಿ ಆಟಗಾರ ಮಿಕು ಹ್ಯಾಟ್ರಿಕ್. ಫೈನಲ್ಲಿನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 4-1. ಹತ್ತು ಜನರಿದ್ದಾಗಲೂ ಚೆಂಡನ್ನು ಬಿಟ್ಟುಕೊಡದ ಆ ಸೆಮಿಫೈನಲ್ಲನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ.

ನಿಧಾನವಾಗಿ ಹೇಳಬೇಕಾದದ್ದು 2017-18ರ ಐಎಸ್‌ಎಲ್. ಹದಿನೆಂಟು ಪಂದ್ಯಗಳಲ್ಲಿ 13 ಗೆಲುವು, 40 ಅಂಕ. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32. ಮಿಕು 15 ಗೋಲು, ಛೆಟ್ರಿ 14. ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಶೀಲ್ಡ್ ಕೊಡುವ ಪದ್ಧತಿ ಶುರುವಾದದ್ದು 2019-20ರಲ್ಲಿ, ಹಾಗಾಗಿ ಆ ಎಂಟು ಅಂಕಗಳ ಅಂತರಕ್ಕೆ ಯಾವ ಕಪ್ಪೂ ಸಿಗಲಿಲ್ಲ. ಸೆಮಿಫೈನಲ್ಲಿನಲ್ಲಿ ಪುಣೆ ವಿರುದ್ಧ ಛೆಟ್ರಿ ಹ್ಯಾಟ್ರಿಕ್. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ಫೈನಲ್. ಉದಾಂತ ಕೊಟ್ಟ ಕ್ರಾಸ್‌ಗೆ ಛೆಟ್ರಿ ಮೈಚೆಲ್ಲಿ ತಲೆ ಕೊಟ್ಟರು, ಒಂಬತ್ತನೇ ನಿಮಿಷಕ್ಕೇ ಗೋಲು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಂದ ಎರಡು ಸಲ ತಲೆಯಿಂದ ಹೊಡೆದರು. ಕೊನೆಗೆ 2-3.

ಮರುದಿನವೇ ತೀರ್ಪು ಹೊರಬಿತ್ತು: ಈ ಚೆಂದದ ಆಟದಿಂದ ಕಪ್ ಬರುವುದಿಲ್ಲ. ನನಗೆ ಆ ಮಾತು ಇಂದಿಗೂ ಉರಿಸುತ್ತದೆ. ಕಾರ್ನರ್‌ನಲ್ಲಿ ಎತ್ತರದವನೊಬ್ಬನನ್ನು ಕಾಯಲಾಗದೆ ಸೋತರೆ ತಪ್ಪು ಕಾರ್ನರ್ ಕಾಯುವುದರಲ್ಲಿ ಇದೆ. ಹಿಂದಿನಿಂದ ಕಟ್ಟಿದ ಪಾಸ್‌ಗೂ ಅದಕ್ಕೂ ಏನು ಸಂಬಂಧ? ರೋಕಾ ಹೋದ ಮೇಲೆ, ಗಲಾಟಸರಾಯ್ ದಿನಗಳಿಂದ ಅವರ ಜೊತೆಗಿದ್ದ ಸಹಾಯಕ ಕಾರ್ಲೆಸ್ ಕ್ವಾಡ್ರಾಟ್ ಅದೇ ಆಟಗಾರರಲ್ಲಿ ಹೆಚ್ಚಿನವರನ್ನು ಇಟ್ಟುಕೊಂಡು ತಂಡ ನಡೆಸಿದರು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಎಫ್‌ಸಿ ಗೋವಾ ಎದುರು ಫೈನಲ್. ಹೆಚ್ಚುವರಿ ಸಮಯದ 117ನೇ ನಿಮಿಷ, ಡೆಲ್ಗಾಡೊ ತೆಗೆದ ಕಾರ್ನರ್, ರಾಹುಲ್ ಭೇಕೆ ತಲೆ, 1-0. ಐಎಸ್‌ಎಲ್ ಕಪ್ ಬೆಂಗಳೂರಿಗೆ ಬಂತು. ರೋಕಾ 2020-21ರ ಋತುವಿಗೆ ಮುಂಚೆಯೇ, ತಾವು ಆಗ ಕೋಚ್ ಆಗಿದ್ದ ಹೈದರಾಬಾದ್ ತಂಡ ಬಿಟ್ಟು ಬಾರ್ಸಿಲೋನಾಗೆ ಹೋದಾಗ ಆ ಜಾಗಕ್ಕೆ ಬಂದ ಮನೋಲೊ ಮಾರ್ಕೆಸ್ 2021-22ರಲ್ಲಿ ಹೈದರಾಬಾದಿಗೆ ಕಪ್ ಗೆದ್ದುಕೊಟ್ಟರು. ಈ ಆಟದಿಂದ ಕಪ್ ಬರುವುದಿಲ್ಲವೇ?

ಹೊಸಬರು ಹಳೆಯ ಪಂದ್ಯಗಳನ್ನು ನೋಡಹೊರಟರೆ ಕ್ರಮ ಹೀಗಿರಲಿ. ಐಎಸ್‌ಎಲ್‌ನ ಎರಡು ಫೈನಲ್‌ಗಳನ್ನು ಕೊನೆಗೆ ಇಟ್ಟುಕೊಳ್ಳಿ, ಒಂದರ ಹಿಂದೊಂದು ನೋಡಿ. ಅದಕ್ಕೂ ಮೊದಲು ಭುವನೇಶ್ವರದ ಸೆಮಿಫೈನಲ್, ಮಿಕು ಬಯಲನ್ನು ಹೇಗೆ ಬಳಸುತ್ತಾರೆಂದು ನೋಡಲು. ಎಲ್ಲಕ್ಕಿಂತ ಮೊದಲು ಜೋಹರ್ ಪಂದ್ಯ. ಅದರಲ್ಲೂ ಸಫೀಕ್ ರಹೀಂ ಗೋಲಿನಿಂದ ಛೆಟ್ರಿಯ ಮೊದಲ ಗೋಲಿನವರೆಗಿನ ಅರ್ಧ ಗಂಟೆಯನ್ನು ಸದ್ದು ತೆಗೆದು, ನಮ್ಮ ಇಬ್ಬರು ನಡು ಡಿಫೆಂಡರ್‌ಗಳ ಮೇಲೆ ಮಾತ್ರ ಕಣ್ಣಿಟ್ಟು ನೋಡಿ.