ಸಹನೆಯ ಹಿಂದಿನ ಶಕ್ತಿ: ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿಯ ಒಂದು ಪರಿಶೀಲನೆ

ಶ್ರವಣಬೆಳಗೊಳದ ಚಂದ್ರಗಿರಿಯನ್ನೇರಿದ ಯಾತ್ರಿಕರಿಗೆ ಸವತಿಗಂಧವಾರಣ ಬಸದಿಯ ದರ್ಶನ ತಪ್ಪುವುದಿಲ್ಲ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯು 1123ರಲ್ಲಿ ಕಟ್ಟಿಸಿ, ಶಾಂತಿನಾಥ ತೀರ್ಥಂಕರರನ್ನು ಪ್ರತಿಷ್ಠಾಪಿಸಿ, ಗುರುಗಳಾದ ಪ್ರಭಾಚಂದ್ರ ಸಿದ್ಧಾಂತದೇವರಿಗೆ ದತ್ತಿಯನ್ನರ್ಪಿಸಿದ ಜಿನಾಲಯವಿದು. ಶಾಸನಗಳು ಈಕೆಯನ್ನು ಗೀತ, ವಾದ್ಯ, ನೃತ್ಯಗಳಲ್ಲಿ ಪ್ರವೀಣೆಯೆಂದೂ ಜಿನಧರ್ಮಕ್ಕೆ ಪ್ರಾಕಾರದಂತಿದ್ದವಳೆಂದೂ ಕೊಂಡಾಡುತ್ತವೆ. ಆದರೆ ಬಿರುದಾವಳಿಯ ಹಿಂದಿದ್ದ ಹೆಣ್ಣಿನ ಅಂತರಂಗವನ್ನು ಶಿಲೆ ನುಡಿಯದು. ಅದನ್ನು ನುಡಿಸುವ ಹೊಣೆ ಸಾಹಿತಿಯದು.

ಕನ್ನಡದಲ್ಲಿ ಈ ಹೊಣೆಯನ್ನು ಹೊತ್ತವರಲ್ಲಿ ಕೆ. ವಿ. ಅಯ್ಯರ್ ಅವರು ‘ಶಾಂತಲಾ’ ಕಾದಂಬರಿಯ ಮೂಲಕ ಮನೆಮಾತಾದರು. ಅವರ ತರುವಾಯ, 1970ರ ದಶಕದಲ್ಲಿ, ಸಿ. ಕೆ. ನಾಗರಾಜರಾಯರು ನಾಲ್ಕು ಸಂಪುಟಗಳ ‘ಪಟ್ಟಮಹಾದೇವಿ ಶಾಂತಲದೇವಿ’ಯನ್ನು ರಚಿಸಿದರು. ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪುರಸ್ಕಾರವು 1983ರಲ್ಲಿ ಮೊದಲ ಬಾರಿಗೆ ಸಂದದ್ದು ಈ ಕೃತಿಗೆ. ಆದ್ದರಿಂದ ಅನೇಕ ಜೈನ ಮನೆಗಳಲ್ಲಿ ಇದನ್ನು ಹೆಣ್ಣುಮಕ್ಕಳ ಕೈಗೆ ಆದರ್ಶಗ್ರಂಥವೆಂದು ಕೊಡುವ ರೂಢಿಯಿದೆ. ಆ ಆದರ್ಶ ಯಾವುದು, ಅದನ್ನು ನಾವು ಸರಿಯಾಗಿ ಗ್ರಹಿಸಿದ್ದೇವೆಯೇ ಎಂಬುದೇ ಇಲ್ಲಿನ ವಿಚಾರ.

ಕಥೆಯ ಆರಂಭದಲ್ಲಿ ಶಾಂತಲೆ ಬಳಿಪುರದ ಹೆಗ್ಗಡೆ ಮಾರಸಿಂಗಯ್ಯನ ಒಬ್ಬಳೇ ಮಗಳು. ತಂದೆ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಒಂದೇ ಸೂರಿನಡಿ ಎರಡು ನಂಬಿಕೆಗಳು ಪರಸ್ಪರ ಗೌರವದಿಂದ ಬಾಳುವ ಈ ಸಂಸಾರದ ಚಿತ್ರಣ ಕೃತಿಯ ಅತ್ಯಂತ ಹೃದ್ಯವಾದ ಭಾಗ. ಅನೇಕಾಂತದ ಮೊದಲ ಪಾಠವನ್ನು ಬಾಲೆ ಕಲಿಯುವುದು ಗ್ರಂಥದಿಂದಲ್ಲ, ತಂದೆ ತಾಯಿಯರ ನಡೆಯಿಂದ. ಮುಂದೆ ಅರಸಿಯಾಗಿ ಆಕೆ ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿಯನ್ನೂ ಬೆಳಗೊಳದಲ್ಲಿ ಬಸದಿಯನ್ನೂ ಕಟ್ಟಿಸಿದ ಚರಿತ್ರೆಯ ಸಂಗತಿಗೆ ಕಾದಂಬರಿಕಾರರು ಬಾಲ್ಯದಲ್ಲೇ ಬೇರನ್ನು ತೋರಿಸಿದ್ದಾರೆ.

ಈ ಹುಡುಗಿಯ ಕಷ್ಟ ಹಸಿವಿನದಲ್ಲ, ಅವಜ್ಞೆಯದು. ದಂಡನಾಯಕ ಮರಿಯಾನೆಯ ಮಡದಿ ಚಾಮವ್ವೆಗೆ ತನ್ನ ಹೆಣ್ಣುಮಕ್ಕಳನ್ನು ರಾಜಕುಮಾರರಿಗೆ ಕೊಡುವ ಹಂಬಲ. ಅದಕ್ಕೆ ಅಡ್ಡಿಯಾದೀತೆಂಬ ಭಯದಿಂದ ಹೆಗ್ಗಡೆಯ ಮನೆಯವರನ್ನು ಅಂತಸ್ತಿನ ಮಾತಿನಿಂದ ಚುಚ್ಚುತ್ತಾಳೆ, ಒಳಸಂಚು ಹೂಡುತ್ತಾಳೆ. ಶಾಂತಲೆ ಚುಚ್ಚುಮಾತಿಗೆ ಚುಚ್ಚುಮಾತನ್ನು ಹಿಂದಿರುಗಿಸುವುದಿಲ್ಲ. ಆದರೆ ತನ್ನ ಘನತೆಯನ್ನು ಬಿಟ್ಟುಕೊಡುವುದೂ ಇಲ್ಲ. ಅರಸಿಯಾದ ಮೇಲೆ ಇನ್ನೂ ಕಠಿನವಾದ ಪರೀಕ್ಷೆಗಳು ಬರುತ್ತವೆ. ಪತಿಯ ಬಾಳಿಗೆ ಬೇರೆ ರಾಣಿಯರು ಬರುತ್ತಾರೆ. ಪತಿ ಶ್ರೀವೈಷ್ಣವ ದೀಕ್ಷೆಯನ್ನು ಸ್ವೀಕರಿಸುತ್ತಾನೆ. ಕಿರಿಯ ರಾಣಿ ಲಕ್ಷ್ಮೀದೇವಿಯ ಸುತ್ತ ಮತದ ಹೆಸರಿನಲ್ಲಿ ಕಲಹ ಹೊಗೆಯಾಡುತ್ತದೆ. ಇಷ್ಟಾದರೂ ಪಟ್ಟಮಹಾದೇವಿ ತನ್ನ ಸಮ್ಯಕ್ತ್ವದಿಂದ ಕದಲುವುದಿಲ್ಲ, ಪರರ ನಂಬಿಕೆಯನ್ನು ಹೀಗಳೆಯುವುದೂ ಇಲ್ಲ. ಪತ್ನಿಯು ಪತಿಯ ಮತವನ್ನೇ ಹಿಡಿಯಬೇಕೆಂಬ ಲೋಕರೂಢಿಗೆ ಇದಕ್ಕಿಂತ ಸೌಮ್ಯವೂ ದೃಢವೂ ಆದ ಉತ್ತರ ಬೇರೊಂದಿಲ್ಲ.

ಇಷ್ಟನ್ನು ಮೆಚ್ಚಿದ ಮೇಲೆ ಕೃತಿಯ ಕೊರತೆಯನ್ನೂ ಹೇಳಬೇಕು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಇಪ್ಪತ್ತೆರಡು ಪರೀಷಹಗಳ ಎಣಿಕೆಯಿದೆ. ಅವು ಮುನಿಗಳಿಗೆ ಹೇಳಿದವಾದರೂ ಗೃಹಸ್ಥರಿಗೂ ದಾರಿದೀಪ. ಅವುಗಳಲ್ಲಿ ಆಕ್ರೋಶ, ಎಂದರೆ ನಿಂದೆಯ ಮಾತನ್ನು ಸಹಿಸುವುದು, ಒಂದು. ಸತ್ಕಾರ ಪುರಸ್ಕಾರ, ಎಂದರೆ ಮನ್ನಣೆ ದೊರೆತಾಗಲೂ ದೊರೆಯದಿದ್ದಾಗಲೂ ಸಮಚಿತ್ತದಿಂದಿರುವುದು, ಇನ್ನೊಂದು. ಮೊದಲನೆಯದರಲ್ಲಿ ಶಾಂತಲೆ ಗೆಲ್ಲುವುದನ್ನು ಕಾದಂಬರಿ ಸೊಗಸಾಗಿ ತೋರಿಸುತ್ತದೆ. ಎರಡನೆಯದಕ್ಕೆ ಆಕೆಯನ್ನು ಒಡ್ಡುವುದೇ ಇಲ್ಲ. ಸಂಪುಟದಿಂದ ಸಂಪುಟಕ್ಕೆ ಎಲ್ಲರೂ ಆಕೆಯನ್ನು ಹೊಗಳುತ್ತಾರೆ. ಗುರು ಹೊಗಳುತ್ತಾನೆ, ಶಿಲ್ಪಿ ಹೊಗಳುತ್ತಾನೆ, ರಾಜಮಾತೆ ಹೊಗಳುತ್ತಾಳೆ. ಆ ಹೊಗಳಿಕೆ ಆಕೆಯ ಮನಸ್ಸಿನಲ್ಲಿ ಎಬ್ಬಿಸಿರಬಹುದಾದ ಮಾನಕಷಾಯದ ಅಲೆಯನ್ನು ನಾವು ಎಲ್ಲಿಯೂ ಕಾಣೆವು.

ಶಾಸನದ ಶಾಂತಲೆಯಾದರೋ ‘ಉದ್ವೃತ್ತ ಸವತಿಗಂಧವಾರಣೆ’. ಸೊಕ್ಕಿದ ಸವತಿಯರಿಗೆ ಮದದಾನೆಯಂತಿದ್ದವಳು ಎಂಬುದು ಅದರ ಭಾವ. ಬಸದಿಗೂ ಅದೇ ಹೆಸರು ನಿಂತಿದೆ. ಈ ಬಿರುದಿನಲ್ಲಿ ಅಭಿಮಾನವಿದೆ, ಕಾವಿದೆ, ಪ್ರಾಯಶಃ ನೋವೂ ಇದೆ. ಅಂತಹ ಹೆಣ್ಣು ಶಾಂತಿನಾಥನ ಸನ್ನಿಧಿಯಲ್ಲಿ ನಿಂತು ತನ್ನ ಕ್ರೋಧಮಾನಗಳೊಡನೆ ಹೋರಾಡಿದ್ದರೆ ಅದು ಎಂತಹ ಅಧ್ಯಾಯವಾಗುತ್ತಿತ್ತು! ಕಷಾಯವೇ ಇಲ್ಲದವಳಿಗೆ ಕಷಾಯಜಯದ ಮಾತೆಲ್ಲಿ? ಒಳಗೆ ಬಿರುಗಾಳಿ ಎದ್ದ ರಾತ್ರಿಯೊಂದನ್ನಾದರೂ ಲೇಖಕರು ಬರೆದಿದ್ದರೆ, ಕಷ್ಟದಲ್ಲಿರುವ ಇಂದಿನ ಓದುಗಳಿಗೆ ಆಕೆ ಇನ್ನಷ್ಟು ಹತ್ತಿರದವಳಾಗುತ್ತಿದ್ದಳು. ಧರ್ಮಚರ್ಚೆಯ ಸಂಭಾಷಣೆಗಳು ಮರುಕಳಿಸಿ ಕಥೆಯ ಓಟವನ್ನು ತಡೆಯುವುದು ಇದರ ಮುಂದೆ ಸಣ್ಣ ದೋಷ.

ಇದು ಕೇವಲ ಸಾಹಿತ್ಯದ ಪ್ರಶ್ನೆಯಲ್ಲ. ‘ಶಾಂತಲೆ ಎಲ್ಲವನ್ನೂ ಸಹಿಸಿದಳು, ನೀನೂ ಸಹಿಸು’ ಎಂದು ಮಗಳಿಗೋ ಸೊಸೆಗೋ ಬುದ್ಧಿ ಹೇಳಲು ಈ ಗ್ರಂಥವನ್ನು ಬಳಸಿದರೆ ಅದು ಗ್ರಂಥಕ್ಕೂ ಧರ್ಮಕ್ಕೂ ಮಾಡಿದ ಅಪಚಾರ. ಕಾದಂಬರಿಯ ಶಾಂತಲೆಯ ಸಹನೆಗೆ ಮೂರು ಆಸರೆಗಳಿವೆ. ತಂದೆ ತಾಯಿಯರು ಕೊಟ್ಟ ವಿದ್ಯೆ ಮೊದಲನೆಯದು. ಎಂತಹ ಹೊತ್ತಿನಲ್ಲೂ ತೆರೆದಿರುವ ತವರು ಎರಡನೆಯದು. ತನ್ನ ಅಭಿಪ್ರಾಯವನ್ನು ಅರಸನೆದುರು ಹೇಳುವ ಸ್ವಾತಂತ್ರ್ಯ ಮೂರನೆಯದು. ಈ ಮೂರನ್ನೂ ಕೊಡದೆ ಸಹನೆಯನ್ನು ಮಾತ್ರ ಬೇಡುವ ಮನೆಯಲ್ಲಿ ಹೆಣ್ಣು ತೋರುವುದು ಕ್ಷಮೆಯಲ್ಲ, ಅಸಹಾಯಕತೆ. ಕ್ಷಮೆ ವೀರರಿಗೆ ಭೂಷಣವೆಂದು ನಮ್ಮ ಹಿರಿಯರು ಹೇಳಿದ್ದು ಈ ಅಂತರವನ್ನು ಅರಿತೇ. ಅಹಿಂಸೆಯ ಮೊದಲ ಕರ್ತವ್ಯ ನೋಯಿಸುವವನ ಮೇಲಿದೆ. ನೊಂದವರಿಗೆ ತಾಳ್ಮೆ ಬೋಧಿಸುವುದು ಆಮೇಲಿನ ಮಾತು. ವಾಸ್ತವವಾಗಿ ಈ ಕೃತಿಯನ್ನೋದುವ ಪ್ರತಿಯೊಂದು ಕುಟುಂಬವೂ ತನ್ನೊಳಗೆ ಶಾಂತಲೆಯನ್ನು ಹುಡುಕುವ ಮೊದಲು ಚಾಮವ್ವೆಯನ್ನು ಹುಡುಕಬೇಕು. ಬೀಗರ ಅಂತಸ್ತನ್ನು ಅಳೆಯುವಾಗ, ಸೊಸೆಯ ತವರನ್ನು ಹಗುರಾಗಿ ಆಡುವಾಗ, ನಮ್ಮ ನಾಲಗೆಯಲ್ಲಿ ನುಡಿಯುವವಳು ಯಾರು?

ರಾಣಿಯ ಅಂತ್ಯದ ಬಗೆಗೂ ಒಂದು ಮಾತು. ಶಿವಗಂಗೆಯ ಬೆಟ್ಟದಿಂದ ಆಕೆ ಹಾರಿಕೊಂಡಳೆಂಬ ಕಥೆ ಜನಜನಿತವಾಗಿದೆ. ಬೆಳಗೊಳದ ಶಾಸನ ಅಂತಹ ಮಾತನ್ನು ಹೇಳುವುದಿಲ್ಲ. 1131ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಆಕೆ ಸ್ವರ್ಗಸ್ಥಳಾದಳೆಂದೂ, ಆಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದಳೆಂದೂ ಅದರಿಂದ ತಿಳಿಯುತ್ತದೆ. ಹತಾಶೆಯ ಸಾವಿಗೂ ವ್ರತಪೂರ್ವಕವಾದ ಸಮಾಧಿಮರಣಕ್ಕೂ ಇರುವ ಭೇದವನ್ನು ಬಲ್ಲ ನಾವು, ಧೀರೆಯೊಬ್ಬಳ ಬಾಳಿಗೆ ಆಧಾರವಿಲ್ಲದ ಆತ್ಮಹತ್ಯೆಯ ಕಥೆಯನ್ನು ಅಂಟಿಸಿ ಹೇಳುವುದನ್ನು ಬಿಡಬೇಕು.

ನಾಗರಾಜರಾಯರ ಕಾದಂಬರಿ ನಮ್ಮ ಬಸದಿಗಳ ಗ್ರಂಥಭಂಡಾರಗಳಲ್ಲಿ ಇರತಕ್ಕ ಕೃತಿ. ದಶಲಕ್ಷಣ ಪರ್ವದ ಉತ್ತಮ ಕ್ಷಮೆಯ ದಿನ ಇದರ ಕೆಲವು ಪುಟಗಳನ್ನು ಮನೆಮಂದಿಯೆಲ್ಲ ಕೂಡಿ ಓದುವುದು ಶ್ರೇಯಸ್ಕರ. ಆದರೆ ಪುಸ್ತಕವನ್ನು ಹೆಣ್ಣುಮಕ್ಕಳ ಕೈಗಷ್ಟೇ ಕೊಟ್ಟು ಸುಮ್ಮನಾಗದಿರೋಣ. ಅತ್ತೆ ಮಾವಂದಿರೂ ಗಂಡುಮಕ್ಕಳೂ ಮೊದಲು ಓದಲಿ.